ಗ್ಯಾದರಿಂಗ್‌ಗೆ ಕಣ್ಕಟ್ಟಿನ ಚಿತ್ರಗಳು: ಅಳತೆ ಕೆಡದಂತೆ ಮಾಡುವ ಬಗೆ

ದೀಪಾವಳಿ ರಜೆ ಮುಗಿದು ಶಾಲೆಗಳಲ್ಲಿ ಗ್ಯಾದರಿಂಗ್ (ವಾರ್ಷಿಕೋತ್ಸವ) ತಯಾರಿ ಶುರುವಾದರೆ ಸಾಕು, ನನಗೆ ಒಂದೇ ಪ್ರಶ್ನೆ ಹತ್ತು ಬಾಯಿಂದ ಬರುತ್ತದೆ. "ಸರ್, ಕಣ್ಣಿಗೆ ಮೋಸ ಮಾಡೋ ಚಿತ್ರ ಇಡಬೇಕಂತ ಮಾಡೀವ್ರಿ, ಯಾವ್ಯಾವ ಇಡಬೇಕು?" ಕಲಬುರಗಿಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಕೇಳುತ್ತಾರೆ, ಬೀದರಿನ ಬಿ.ಎಡ್. ವಿದ್ಯಾರ್ಥಿಗಳು ಕೇಳುತ್ತಾರೆ, ಶಹಾಪುರದಿಂದ ಎಂಟನೇ ತರಗತಿಯ ಮಕ್ಕಳೂ ಮೆಸೇಜ್ ಕಳಿಸುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಮೊದಲು ಬೇಡವಾದದ್ದನ್ನು ಹೇಳಿಬಿಡುತ್ತೇನೆ. ಇಂಟರ್ನೆಟ್‌ನಿಂದ ಇಪ್ಪತ್ತು ಚಿತ್ರ ಇಳಿಸಿ, ಕಲರ್ ಪ್ರಿಂಟ್ ತೆಗೆಸಿ, ಗೋಡೆಗೆ ಸಾಲಾಗಿ ಅಂಟಿಸಬೇಡಿ. ಪಾಲಕರು ಎರಡು ಚಿತ್ರ ನೋಡುತ್ತಾರೆ, ಮೂರನೆಯದನ್ನು ನೋಡಿದಂತೆ ಮಾಡಿ ಭಜಿ ಸ್ಟಾಲಿನ ಕಡೆ ನಡೆಯುತ್ತಾರೆ. ಕಣ್ಣು ಒಂದು ಹೇಳಿ ಸ್ಕೇಲು ಇನ್ನೊಂದು ಹೇಳಿದಾಗಲೇ ಕಣ್ಕಟ್ಟು. ಸ್ಕೇಲೇ ಇಡದಿದ್ದರೆ ನೋಡುವವನಿಗೆ ತಾನು ಮೋಸ ಹೋದದ್ದು ಗೊತ್ತಾಗುವುದಾದರೂ ಹೇಗೆ? ಅದಕ್ಕೇ ನನ್ನದೊಂದು ಹಟವಿದೆ: ಪ್ರತಿ ಚಿತ್ರದ ಪಕ್ಕದಲ್ಲಿ ಅದರ "ಸಾಕ್ಷಿ" ಇರಬೇಕು. ಒಂದು ದಾರ, ಒಂದು ಸ್ಕೇಲು, ಜಾರಿಸುವ ಪಟ್ಟಿ, ಮುಚ್ಚುವ ರಟ್ಟು, ಯಾವುದಾದರೂ ಸರಿ. ಐದಾರು ಚಿತ್ರ ಸಾಕು, ಆದರೆ ದೊಡ್ಡದಾಗಿ, ಅಳತೆ ಹಿಡಿದು ಮಾಡಿ.

ಬೇಕಾಗುವ ಸಾಮಾನು

ಬೂದು, ಬಿಳಿ, ಕಪ್ಪು ಚಾರ್ಟ್ ಪೇಪರ್ (ಪೂರ್ತಿ ಹಾಳೆ ಸುಮಾರು 56 × 71 ಸೆಂ.ಮೀ. ಇರುತ್ತದೆ), ದಪ್ಪ ರಟ್ಟು, ಕಟ್ಟಿಗೆಯ ಸ್ಕೇಲು, ಫೆವಿಕಾಲ್, ಪೋಸ್ಟರ್ ಕಲರ್, ಬಿಳಿ ಸೀಮೆಸುಣ್ಣ, ಇದ್ದಿಲು, ನೂಲಿನ ದಾರ, ಅಳತೆ ಟೇಪು, ಜಾತ್ರೆಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಮುಖವಾಡ ಒಂದು. ಕಲಬುರಗಿಯವರಿಗೆ ಸೂಪರ್ ಮಾರ್ಕೆಟ್ ಸುತ್ತ ತಿರುಗಿದರೆ ಒಂದೇ ಸಂಜೆಯಲ್ಲಿ ಎಲ್ಲವೂ ಸಿಗುತ್ತವೆ. ಹೊಳೆಯುವ ಗ್ಲೇಜ್ ಕಾಗದ ಮಾತ್ರ ತರಬೇಡಿ. ಟ್ಯೂಬ್‌ಲೈಟ್ ಅದರ ಮೇಲೆ ಮಿಂಚಿದರೆ ಕಪ್ಪು ಕಪ್ಪಾಗಿ ಕಾಣುವುದಿಲ್ಲ, ಅರ್ಧ ಕಣ್ಕಟ್ಟು ಅಲ್ಲೇ ಸಾಯುತ್ತದೆ.

ಹಂತ 1: ಚಿತ್ರಕ್ಕಿಂತ ಮೊದಲು ಕೋಣೆ

ಪ್ರದರ್ಶನ ನಡೆಯುವ ಹೊತ್ತಿಗೇ ಒಮ್ಮೆ ಕೋಣೆಗೆ ಹೋಗಿ ನಿಲ್ಲಿ. ಬೆಳಿಗ್ಗೆ ನೋಡಿ ಬಂದು ಸಂಜೆಗೆ ಇಟ್ಟರೆ ಕಿಟಕಿಯ ಬೆಳಕು ಬೇರೆಯೇ ಆಗಿರುತ್ತದೆ. ಕತ್ತಲೆ ಮೂಲೆ ಮುಖವಾಡಕ್ಕೆ (ಹಂತ 6), ಒಳ್ಳೆಯ ಬೆಳಕಿನ ಗೋಡೆ ಗಿಳಿಗೆ (ಹಂತ 4), ಉದ್ದನೆಯ ವರಾಂಡ ನೆಲದ ಚಿತ್ರಕ್ಕೆ (ಹಂತ 5). ಬಿಳಿ ಗೋಡೆಗೆ ಸೆಲ್ಲೋಟೇಪ್ ನಂಬಬೇಡಿ. ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೆ ಅದು ಬಿಟ್ಟುಕೊಂಡು, ಚಿತ್ರ ನೆಲದ ಮೇಲೆ ಬಿದ್ದಿರುತ್ತದೆ. ರಟ್ಟಿಗೆ ಅಂಟಿಸಿ ದಾರದಿಂದ ತೂಗುಹಾಕಿ.

ಹಂತ 2: ಸೊಟ್ಟ ಕಾಣುವ ನೇರ ಗೆರೆ

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಕಾಫಿ ಅಂಗಡಿಯ ಗೋಡೆಗೆ ಕಪ್ಪು-ಬಿಳಿ ಟೈಲ್ಸ್ ಕೂರಿಸಿದ್ದರು. ಟೈಲ್ಸ್ ನಡುವಿನ ಸಿಮೆಂಟ್ ಗೆರೆಗಳು ನೇರವಾಗಿದ್ದರೂ ಒಂದು ಕಡೆ ಕೂಡಿ ಇನ್ನೊಂದು ಕಡೆ ಅಗಲವಾದಂತೆ ಕಾಣುತ್ತಿದ್ದವು. ಮನೋವಿಜ್ಞಾನಿಗಳಾದ ರಿಚರ್ಡ್ ಗ್ರೆಗರಿ ಮತ್ತು ಪ್ರಿಸಿಲ್ಲಾ ಹರ್ಡ್ ಇದರ ಬಗ್ಗೆ 1979ರಲ್ಲಿ ಪ್ರಬಂಧ ಬರೆದರು. ಅಂದಿನಿಂದ ಇದಕ್ಕೆ "ಕೆಫೆ ಗೋಡೆ" ಎಂದೇ ಹೆಸರು.

ಮಾಡುವ ಬಗೆ:

1. ಬೂದು ಚಾರ್ಟನ್ನು ರಟ್ಟಿಗೆ ಅಂಟಿಸಿ. ಇದೇ ಸಿಮೆಂಟು.
2. ಬಿಳಿ ಕಾಗದದಲ್ಲಿ 5 ಸೆಂ.ಮೀ. ಅಗಲದ ಹತ್ತು ಪಟ್ಟಿ ಕತ್ತರಿಸಿ. ಐದು ಪಟ್ಟಿ 70 ಸೆಂ.ಮೀ. ಉದ್ದ, ಉಳಿದ ಐದು 80 ಸೆಂ.ಮೀ. (ಎರಡು ತುಂಡು ಜೋಡಿಸಬೇಕಾಗುತ್ತದೆ).
3. ಪ್ರತಿ ಪಟ್ಟಿಯ ಮೇಲೆ 5 ಸೆಂ.ಮೀ. ಚೌಕದ ಕಪ್ಪು ಕಾಗದ ಅಂಟಿಸಿ: ಒಂದು ಕಪ್ಪು, ಒಂದು ಖಾಲಿ, ಹೀಗೆ ಕೊನೆಯವರೆಗೆ.
4. ಚಿಕ್ಕ ಪಟ್ಟಿಗಳನ್ನು 1, 3, 5, 7, 9ನೇ ಸಾಲಿಗೆ ಅಂಟಿಸಿ. ಸಾಲು-ಸಾಲಿನ ನಡುವೆ 3 ಮಿ.ಮೀ. ಬೂದು ಕಾಣಬೇಕು.
5. ಉದ್ದ ಪಟ್ಟಿಗಳನ್ನು 2, 4, 6, 8, 10ನೇ ಸಾಲಿಗೆ ಅಂಟಿಸದೆ ಇಡಿ. ಎರಡೂ ತುದಿಯಲ್ಲಿ ಬೂದು ಕಾಗದದ ಸಣ್ಣ ಬಳೆಯೊಳಗೆ ಹಾಯಿಸಿ. ಬಲಗಡೆ ಹೊರಗೆ ಚಾಚಿದ ಐದೂ ತುದಿಗಳನ್ನು ಒಂದೇ ಕಟ್ಟಿಗೆ ಸ್ಕೇಲಿಗೆ ಅಂಟಿಸಿ. ಸ್ಕೇಲು ಹಿಡಿದು ಎಳೆದರೆ ಐದೂ ಒಟ್ಟಿಗೆ ಜಾರಬೇಕು.

ಉದ್ದ ಪಟ್ಟಿಗಳ ಚೌಕಗಳು ಪಕ್ಕದ ಸಾಲಿಗಿಂತ 2.5 ಸೆಂ.ಮೀ., ಅಂದರೆ ಅರ್ಧ ಚೌಕ ಸರಿದಿರಲಿ. ಗೆರೆಗಳು ಸೊಟ್ಟಗಾಗುತ್ತವೆ. ಈಗ ಸ್ಕೇಲನ್ನು 2.5 ಸೆಂ.ಮೀ. ಸರಿಸಿ, ಕಪ್ಪಿನ ಕೆಳಗೆ ಕಪ್ಪು ಬರಲಿ; ನೋಡನೋಡುತ್ತಲೇ ಎಲ್ಲ ಗೆರೆ ನೆಟ್ಟಗಾಗುತ್ತವೆ. ಇದೇ ಇದರ ಸಾಕ್ಷಿ. ಒಂದು ದಾರವನ್ನೂ ಪಕ್ಕದಲ್ಲಿ ಕಟ್ಟಿಡಿ. "ಈ ಗೆರಿ ಸೊಟ್ಟ ಅವರಿ, ಸರ್" ಅನ್ನುವ ಹುಡುಗನ ಕೈಗೇ ದಾರ ಕೊಟ್ಟರೆ ನೀವು ಬಾಯಿಬಿಡುವುದೇ ಬೇಕಿಲ್ಲ.

ಎಲ್ಲರೂ ಎಡವುವುದು ಎರಡು ಕಡೆ. ನಡುವಿನ ಗೆರೆಯನ್ನು ಕಪ್ಪು ಸ್ಕೆಚ್ ಪೆನ್ನಿನಿಂದ ಎಳೆಯುತ್ತಾರೆ. ಗೆರೆ ಕಪ್ಪಿಗೂ ಬಿಳಿಗೂ ನಡುವಿನ ಬೂದು ಬಣ್ಣದ್ದೇ ಆಗಿರಬೇಕು. ಇಲ್ಲವೆ ಅಂದಕ್ಕೆಂದು ಗೆರೆಯನ್ನು ಒಂದು ಸೆಂ.ಮೀ. ದಪ್ಪ ಮಾಡುತ್ತಾರೆ, ದಪ್ಪವಾದಷ್ಟೂ ಕಣ್ಕಟ್ಟು ಸಪ್ಪೆ. ಬೀದರಿನವರಿಗೆ ಇನ್ನೊಂದು ಮಾತು: ಬಿದರಿ ಕೆಲಸದಂತೆ ಕಾಣಲಿ ಎಂದು ಬಿಳಿಯ ಬದಲು ಬೆಳ್ಳಿ ಕಾಗದ ಹಾಕುವ ಆಸೆ ಬರುತ್ತದೆ. ನಾನೂ ಒಮ್ಮೆ ಹಾಕಿ ನೋಡಿದ್ದೆ; ಇಡೀ ಫಲಕ ಹೊಳೆದದ್ದೇ ಹೊಳೆದದ್ದು, ಒಂದು ಗೆರೆಯೂ ವಾಲಲಿಲ್ಲ.

ಹಂತ 3: ಜಾರುವ ಬಾಣ

ಒಂದೇ ಉದ್ದದ ಎರಡು ಗೆರೆ, ತುದಿಯ ಬಾಣ ಒಳಗೋ ಹೊರಗೋ ತಿರುಗಿದ್ದಕ್ಕೆ ಒಂದು ಗಿಡ್ಡ, ಒಂದು ಉದ್ದ ಕಾಣುವ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಜರ್ಮನಿಯ ವಿದ್ವಾಂಸ ಮುಲ್ಲರ್-ಲಯರ್ ಇದನ್ನು 1889ರಲ್ಲಿ ಪ್ರಕಟಿಸಿದರು. ಗೋಡೆಗೆ ಅಂಟಿಸಿದರೆ "ಗೊತ್ತೈತಿ ಬಿಡ್ರಿ" ಅನ್ನುತ್ತಾರೆ. ಅದನ್ನೇ ಆಟ ಮಾಡಿದರೆ ಸಾಲು ನಿಲ್ಲುತ್ತದೆ.

ರಟ್ಟಿನಲ್ಲಿ 8 ಸೆಂ.ಮೀ. ಅಗಲದ ಚಪ್ಪಟೆ ಕೊಳವೆ ಮಾಡಿ. ಬಲಗಡೆ ಬಾಯಿ ತೆರೆದಿರಲಿ. ಅದರ ಮೇಲೆ ಸರಿಯಾಗಿ 15 ಸೆಂ.ಮೀ. ಗೆರೆ ಎಳೆದು ಎಡ ತುದಿಗೆ "<", ಬಲ ತುದಿಗೆ ">" ಹಾಕಿ. ಬಲ ತುದಿ ಕೊಳವೆಯ ಅಂಚಿಗೇ ಬರಬೇಕು. ಒಳಗೆ ಸಲೀಸಾಗಿ ಜಾರುವ ಒಂದು ಕಾರ್ಡ್ ಮಾಡಿ. ಅದರ ಮೇಲೆ ಅದೇ ಮಟ್ಟದಲ್ಲಿ ಗೆರೆ ಎಳೆದು ಬಲ ತುದಿಗೆ "<" ಹಾಕಿ. ಕಾರ್ಡಿನ ಹಿಂಬದಿಯಲ್ಲಿ, ಆ ಬಾಣದ ಮೊನೆಯ ನೇರಕ್ಕೆ ಸೊನ್ನೆ ಇಟ್ಟು, ಕೊಳವೆಯ ಕಡೆಗೆ ಸೆಂ.ಮೀ. ಗುರುತು ಮಾಡಿ. ಕೊಳವೆಯ ಅಂಚಿಗೆ ಬರುವ ಅಂಕಿಯೇ ಹೊರಗೆ ಕಾಣುವ ಗೆರೆಯ ಉದ್ದ.

ನೋಡುವವರು ಎರಡೂ ಭಾಗ ಸಮ ಅನ್ನಿಸುವ ತನಕ ಕಾರ್ಡ್ ಎಳೆಯಬೇಕು, ಆಮೇಲೆ ತಿರುಗಿಸಿ ಓದಬೇಕು. ಬಹಳ ಜನ 15ಕ್ಕೆ ಮುಟ್ಟುವ ಮೊದಲೇ ನಿಲ್ಲಿಸುತ್ತಾರೆ. ಒಂದು ರಿಜಿಸ್ಟರ್ ಇಟ್ಟು ಪ್ರತಿಯೊಬ್ಬರ ಅಂಕಿ, ತರಗತಿ ಬರೆಸಿ. ಸರಾಸರಿ ತೆಗೆಯುವ ಕೆಲಸವನ್ನು ಏಳನೇ ತರಗತಿಗೆ ಒಪ್ಪಿಸಿ. ಹೆಡ್‌ಮಾಸ್ತರರ ಅಂಕಿ ಎಷ್ಟು ಬಂತು ಅನ್ನುವುದೇ ಆ ದಿನದ ದೊಡ್ಡ ಸುದ್ದಿಯಾಗುತ್ತದೆ. ಯಾಕೆ ಹೀಗೆ ಕಾಣುತ್ತದೆ ಎಂದು ಚೀಟಿಯಲ್ಲಿ ಜೋರಾಗಿ ಬರೆಯಬೇಡಿ. ಕೋಣೆಯ ಮೂಲೆಗಳನ್ನು ನೋಡಿ ನೋಡಿ ರೂಢಿಯಾದ ಕಣ್ಣು ಹೀಗೆ ಅಳೆಯುತ್ತದೆ ಎಂಬುದು ಒಂದು ವಿವರಣೆ, ವಿಜ್ಞಾನಿಗಳೆಲ್ಲ ಅದನ್ನು ಒಪ್ಪಿಲ್ಲ.

ಹಂತ 4: ಪಂಜರ ಸೇರುವ ಗಿಳಿ

ಒಂದೇ ಬಣ್ಣವನ್ನು ದಿಟ್ಟಿಸಿ ನೋಡಿ ಬಿಳಿ ಗೋಡೆಗೆ ಕಣ್ಣು ಹಾಯಿಸಿದರೆ ಅದರ ಎದುರು ಬಣ್ಣ ಮೂಡುತ್ತದೆ. ಇದಕ್ಕೆ ಉಳಿಬಿಂಬ ಅನ್ನೋಣ. ಕಣ್ಣಿನ ಹಿಂಪರದೆಯಲ್ಲಿ ಬಣ್ಣ ಗುರುತಿಸುವ ಕೋಶಗಳು ಒಂದೇ ಬಣ್ಣಕ್ಕೆ ದಣಿದಾಗ ಉಳಿದವುಗಳ ಕೈ ಮೇಲಾಗುತ್ತದೆ.

ಬಿಳಿ ಹಾಳೆಯ ಮೇಲೆ ಅಂಗೈ ಅಗಲದ ಗಿಳಿ ಬರೆದು, ಮೈಗೆ ರಾಣಿ ಬಣ್ಣ (ಸೀರೆ ಅಂಗಡಿಯಲ್ಲಿ ಹೇಳುವ ಕಡು ಗುಲಾಬಿ), ಕೊಕ್ಕಿಗೆ ಹಸಿರು ಬೆರೆತ ನೀಲಿ ತುಂಬಿ. ಗೆರೆ, ನೆರಳು, ಗರಿಯ ವಿವರ ಯಾವುದೂ ಬೇಡ. ಕಣ್ಣಿನ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ಪಕ್ಕದ ಹಾಳೆಯಲ್ಲಿ ತೆಳು ಗೆರೆಯ ಖಾಲಿ ಪಂಜರ, ಅದರ ನಡುವೆಯೂ ಒಂದು ಚುಕ್ಕೆ. ಗಿಳಿಯ ಚುಕ್ಕೆಯನ್ನು ಕಣ್ಣು ಅಲುಗಿಸದೆ ಮೂವತ್ತು ಎಣಿಸುವ ತನಕ ನೋಡಿ, ತಟ್ಟನೆ ಪಂಜರದ ಚುಕ್ಕೆಗೆ ದೃಷ್ಟಿ ಇಟ್ಟರೆ ಹಸಿರು ಗಿಳಿ, ಕೆಂಪು ಕೊಕ್ಕು ಸಮೇತ ಒಳಗೆ ಕೂತಿರುತ್ತದೆ.

ಎರಡೂ ಹಾಳೆ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಇರಲೇಬೇಕು. ದೂರದ ಗೋಡೆಗೆ ನೋಡಿದರೆ ಉಳಿಬಿಂಬ ದೊಡ್ಡದಾಗಿ ಕಾಣುತ್ತದೆ. ಕಣ್ಣಿನ ವೈದ್ಯ ಎಮ್ಮರ್ಟ್ 1881ರಲ್ಲಿ ಹೇಳಿದ ನಿಯಮ ಇದು. ಗಿಳಿ ಪಂಜರದಿಂದ ಹೊರಗೆ ಚೆಲ್ಲಿದರೆ ಆಟ ಕೆಟ್ಟಿತು. ಮಂದ ಬೆಳಕಿನಲ್ಲೂ ಇದು ಕೈಕೊಡುತ್ತದೆ. ಬಣ್ಣಗುರುಡು ಇರುವ ಮಕ್ಕಳಿಗೆ ಬೇರೆ ಬಣ್ಣ ಕಾಣಬಹುದು. ನಗದಂತೆ ಸ್ವಯಂಸೇವಕರಿಗೆ ಮೊದಲೇ ಹೇಳಿಡಿ.

ಕೆಲವರು ಇದೇ ಉಪಾಯದಲ್ಲಿ ರಾಷ್ಟ್ರಧ್ವಜ ಮೂಡಿಸುತ್ತಾರೆ. ನಾನು ಬೇಡವೆನ್ನುತ್ತೇನೆ. ಗೋಡೆಯ ಮೇಲೆ ಇರುವುದು ನೀಲಿ-ಕಪ್ಪು-ಗುಲಾಬಿ ಧ್ವಜ. ಯಾರೋ ಅದರ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದರೆ, ಮೂವತ್ತು ಎಣಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಹಂತ 5: ಫರ್ಸಿಯ ಮೇಲೆ ಎದ್ದುನಿಲ್ಲುವ ಹೂಜಿ

ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆಯೇ. ಹೆಚ್ಚು ಕೆಡುವುದೂ ಇದೇ. ನೆಲದ ಮೇಲೆ ಎಳೆದು ಉದ್ದ ಮಾಡಿ ಬರೆದ ಚಿತ್ರ, ಒಂದು ನಿಶ್ಚಿತ ಜಾಗದಿಂದ ನೋಡಿದರೆ ನೆಟ್ಟಗೆ ನಿಂತಂತೆ ಕಾಣುವುದಕ್ಕೆ ಅನಾಮಾರ್ಫಿಕ್ ಚಿತ್ರ ಎನ್ನುತ್ತಾರೆ. ಹೊಸದಲ್ಲ: 1533ರಲ್ಲಿ ಚಿತ್ರಕಾರ ಹೋಲ್ಬೈನ್ ಬರೆದ ರಾಯಭಾರಿಗಳ ಚಿತ್ರದಲ್ಲಿ ಕಾಲ ಬಳಿ ಒಂದು ವಿಚಿತ್ರ ಮಚ್ಚೆ ಇದೆ, ಓರೆಯಾಗಿ ನಿಂತು ನೋಡಿದರೆ ಅದು ತಲೆಬುರುಡೆ.

ನಮ್ಮ ಕಡೆ ಶಾಲೆಗಳ ವರಾಂಡಕ್ಕೆ ಶಹಾಬಾದಿ ಫರ್ಸಿ ಹಾಕಿರುವುದು ಒಂದು ಅದೃಷ್ಟ. ಬೂದು ಕಲ್ಲಿನ ಮೇಲೆ ಇದ್ದಿಲಿನ ಕಪ್ಪು, ಸೀಮೆಸುಣ್ಣದ ಬಿಳಿ ಎರಡೂ ಎದ್ದು ಕಾಣುತ್ತವೆ. ಬಿದರಿ ಹೂಜಿಯನ್ನೇ ಬರೆಯಿರಿ. ಸತುವಿಗೆ ತುಸು ತಾಮ್ರ ಬೆರೆಸಿದ ಲೋಹಕ್ಕೆ ಬೆಳ್ಳಿ ಕೂರಿಸಿ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಆ ವಸ್ತುವಿಗೆ ಎರಡೇ ಬಣ್ಣ ಸಾಕು.

ಅಂದಾಜಿನಿಂದ ಉದ್ದ ಮಾಡಿದರೆ ಹೂಜಿ ಹೋಗಿ ಸೋರೆಕಾಯಿ ಆಗುತ್ತದೆ. ಈ ಲೆಕ್ಕ ಹಿಡಿಯಿರಿ:

1. ಹಾಳೆಯ ಮೇಲೆ 12 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದಲ್ಲಿ ಹೂಜಿ ಬರೆದು, ಆರು ಅಡ್ಡ ಸಾಲು (2.5 ಸೆಂ.ಮೀ.), ಆರು ಉದ್ದ ಸಾಲಿನ (2 ಸೆಂ.ಮೀ.) ಚೌಕಳಿ ಎಳೆಯಿರಿ. ನೆಲದಲ್ಲಿ ಇದು ಐದು ಪಟ್ಟು ದೊಡ್ಡದಾಗಿ, 75 ಸೆಂ.ಮೀ. ಎತ್ತರದ ಹೂಜಿಯಾಗಿ ಕಾಣುತ್ತದೆ.
2. ನೋಡುವವರು ನಿಲ್ಲುವ ಜಾಗಕ್ಕೆ ಒಂದು ಗುರುತು ಹಾಕಿ. ಅದರ ನೇರ ಮೇಲೆ 1.5 ಮೀಟರ್ ಎತ್ತರದಲ್ಲಿ ಕಣ್ಣು ಇರಬೇಕು.
3. ಗುರುತಿನಿಂದ ಸರಿಯಾಗಿ 2 ಮೀಟರ್ ಮುಂದೆ 60 ಸೆಂ.ಮೀ. ಅಗಲದ ಅಡ್ಡಗೆರೆ ಎಳೆಯಿರಿ. ಇದು ಹೂಜಿಯ ಬುಡ.
4. ಆ ಬುಡದ ಗೆರೆಯಿಂದ ಮುಂದಕ್ಕೆ 18, 40, 67, 100, 143, 200 ಸೆಂ.ಮೀ. ದೂರದಲ್ಲಿ ಆರು ಅಡ್ಡಗೆರೆ.
5. ಬುಡದ ಗೆರೆಯ ಮೇಲೆ 10 ಸೆಂ.ಮೀ.ಗೊಂದು ಚುಕ್ಕೆ ಇಡಿ. ನಿಲ್ಲುವ ಗುರುತಿಗೆ ದಾರದ ಒಂದು ತುದಿ ಒತ್ತಿ ಹಿಡಿದು, ಪ್ರತಿ ಚುಕ್ಕೆಯ ಮೇಲೆ ಹಾಯಿಸಿ ಕೊನೆಯ ಅಡ್ಡಗೆರೆಯ ತನಕ ಗೆರೆ ಎಳೆಯಿರಿ. ಗೆರೆಗಳು ಬೀಸಣಿಗೆಯಂತೆ ಹರಡುತ್ತವೆ.
6. ಅಗಲ ಅಳೆದು ನೋಡಿ: 40ರ ಗೆರೆ 72, 100ರ ಗೆರೆ 90, 200ರ ಗೆರೆ 120 ಸೆಂ.ಮೀ. ಬರಬೇಕು. ಬರದಿದ್ದರೆ ಎಲ್ಲೋ ದಾರ ಜಾರಿದೆ.
7. ಹಾಳೆಯ ಪ್ರತಿ ಚೌಕದಲ್ಲಿರುವುದನ್ನು ನೆಲದ ಅದೇ ಚೌಕಕ್ಕೆ ಇಳಿಸಿ. ಬರೆಯುವಾಗ ಅಸಹ್ಯವಾಗಿ ಕಾಣುತ್ತದೆ. ಕಣ್ಣಿನ ಮಾತು ಕೇಳಿ ತಿದ್ದಬೇಡಿ.

ಲೆಕ್ಕದ ಮೂಲ ಇಷ್ಟೇ: ನಿಂತ ಜಾಗದಿಂದ ಬುಡದ ದೂರವನ್ನು ಕಣ್ಣಿನ ಎತ್ತರದಿಂದ ಗುಣಿಸಿ, ಕಣ್ಣಿನ ಎತ್ತರದಲ್ಲಿ ಚಿತ್ರದ ಆ ಬಿಂದುವಿನ ಎತ್ತರ ಕಳೆದು ಉಳಿದದ್ದರಿಂದ ಭಾಗಿಸಿದರೆ, ನಿಂತ ಜಾಗದಿಂದ ನೆಲದ ಮೇಲಿನ ದೂರ ಸಿಗುತ್ತದೆ. ಹತ್ತನೇ ತರಗತಿಯವರು ಸಮರೂಪ ತ್ರಿಭುಜದಿಂದ ಇದನ್ನು ಸಾಧಿಸಬಲ್ಲರು. ನೋಡುವವರು ಚಿಕ್ಕ ಮಕ್ಕಳೇ ಆಗಿದ್ದರೆ ನೆಲದ ಅಳತೆ, ಕಣ್ಣಿನ ಎತ್ತರ ಎಲ್ಲವನ್ನೂ 0.8ರಿಂದ ಗುಣಿಸಿ, ಕಣ್ಣು 1.2 ಮೀಟರ್‌ಗೆ, ಬುಡ 1.6 ಮೀಟರ್‌ಗೆ ಬರುತ್ತದೆ. ದೊಡ್ಡವರ ಅಳತೆಗೆ ಮಾಡಿ ಚಿಕ್ಕವರನ್ನು ಸ್ಟೂಲಿನ ಮೇಲೆ ಹತ್ತಿಸುವುದು ಬೇಡ, ನೂಕುನುಗ್ಗಲಿನಲ್ಲಿ ಬೀಳುತ್ತಾರೆ.

ಬಿದಿರುಗಳುವಿಗೆ ತೂತಿನ ರಟ್ಟು ಕಟ್ಟಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ತೂತಿನಲ್ಲಿ ನೋಡಲಿ. ಎರಡು ಕಣ್ಣು ತೆರೆದರೆ ನೆಲ ನೆಲವೇ ಎಂದು ತಿಳಿದುಬಿಡುತ್ತದೆ. ಮೊಬೈಲಿಗೆ ಒಂದೇ ಕಣ್ಣಾದ್ದರಿಂದ ಫೋಟೊದಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ. ಸಾಕ್ಷಿಗೆ ಹೆಚ್ಚೇನೂ ಬೇಡ, ಚಿತ್ರದ ಪಕ್ಕಕ್ಕೆ ಬಂದು ನಿಂತರಾಯಿತು.

ಫರ್ಸಿಯ ಸಂದುಗಳು ಚಿತ್ರದ ಮೈಮೇಲೆ ಹಾದುಹೋದರೆ ಭ್ರಮೆ ಒಡೆಯುತ್ತದೆ. ಇದ್ದಿಲಿನಿಂದ ಸಂದು ತುಂಬಿ. ಪೋಸ್ಟರ್ ಕಲರ್ ಕಲ್ಲಿಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ, ಹೆಡ್‌ಮಾಸ್ತರರನ್ನು ಕೇಳದೆ ಮುಟ್ಟಬೇಡಿ. ಹಳೆಯ ಫ್ಲೆಕ್ಸಿನ ಹಿಂಬದಿಯ ಮೇಲೆ ಬರೆದು ಹಾಸುವುದು ಒಳ್ಳೆಯ ದಾರಿ, ಮುಂದಿನ ವರ್ಷಕ್ಕೂ ಬರುತ್ತದೆ. ಹೇಗಿದ್ದರೂ ಸುತ್ತ ಹಗ್ಗ ಕಟ್ಟಿ. ಕಟ್ಟದಿದ್ದರೆ ಪ್ರಾರ್ಥನೆ ಮುಗಿದು ತರಗತಿಗೆ ಓಡುವ ಕಾಲುಗಳು ಹೂಜಿಯನ್ನು ಒರೆಸಿಕೊಂಡೇ ಹೋಗುತ್ತವೆ.

ಹಂತ 6: ಹಿಂಬಾಲಿಸುವ ಮುಖ

ಮುಖವಾಡವನ್ನು ತಿರುಗಿಸಿ, ಒಳಬದಿಗೆ ಮಿಂಚದ ಬಿಳಿ ಬಣ್ಣ ಬಳಿದು, ಕಣ್ಣು-ಹುಬ್ಬು-ತುಟಿ ಬರೆಯಿರಿ. ಕಣ್ಣಿನ ತೂತುಗಳನ್ನು ಹಿಂದಿನಿಂದ ಕಾಗದ ಹಚ್ಚಿ ಮುಚ್ಚಿ. ಕಪ್ಪು ಬಟ್ಟೆಯ ಮೇಲೆ, ಒಳಬದಿ ನೋಡುವವರ ಕಡೆ ಇರುವಂತೆ ತೂಗುಹಾಕಿ, ಕೆಳಗಿನಿಂದ ಒಂದು ಸಣ್ಣ ಬಲ್ಬಿನ ಬೆಳಕು ಕೊಡಿ. ಎರಡು-ಮೂರು ಮೀಟರ್ ದೂರದಿಂದ ಒಂದೇ ಕಣ್ಣಿನಿಂದ ನೋಡುತ್ತ ಎಡಕ್ಕೆ ಬಲಕ್ಕೆ ನಡೆದರೆ, ತಗ್ಗಾದ ಮುಖ ಉಬ್ಬಿಕೊಂಡು ನಿಮ್ಮ ಜೊತೆಗೇ ತಿರುಗುತ್ತದೆ. ಹುಟ್ಟಿದಾಗಿನಿಂದ ಉಬ್ಬಿದ ಮುಖಗಳನ್ನೇ ನೋಡಿದ ಮಿದುಳು ತಗ್ಗಿದ ಮುಖವನ್ನು ಒಪ್ಪುವುದೇ ಇಲ್ಲ. ಸಾಕ್ಷಿ: ಹತ್ತಿರ ಕರೆದು ಮೂಗಿನ ಗುಳಿಗೆ ಬೆರಳು ಹಾಕಿಸಿ. ದೇವರ ಮುಖವಾಡ ಇದಕ್ಕೆ ಬಳಸಬೇಡಿ, ವಿದೂಷಕನದು ಸಾಕು.

ಹಂತ 7: ನಿಮ್ಮ ಊರಿನದೂ ಒಂದಿರಲಿ

ಯಾದಗಿರಿ ಜಿಲ್ಲೆಯವರಿಗೆ ಪ್ರಕೃತಿಯೇ ಮಾಡಿಟ್ಟ ಕಣ್ಕಟ್ಟಿದೆ. ಶಹಾಪುರದ ಬೆಟ್ಟಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ನೀವೇ ಹೋಗಿ ಫೋಟೊ ತೆಗೆಯಿರಿ, ದೊಡ್ಡದಾಗಿ ಪ್ರಿಂಟ್ ಮಾಡಿಸಿ. ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಹಣೆ, ಮೂಗು, ಎದೆಯ ರೇಖೆಯನ್ನು ಮಾರ್ಕರ್‌ನಿಂದ ಎಳೆದು, ಎತ್ತಿ ಇಳಿಸುವಂತೆ ಮೇಲ್ಗಡೆ ಮಾತ್ರ ಅಂಟಿಸಿ. ಅದೇ ಫೋಟೊದ ಇನ್ನೊಂದು ಪ್ರತಿಯನ್ನು ತಲೆಕೆಳಗಾಗಿ ಪಕ್ಕದಲ್ಲಿ ಹಾಕಿ. ಅಲ್ಲಿ ಬುದ್ಧ ಸುಲಭಕ್ಕೆ ಸಿಗುವುದಿಲ್ಲ, ಬರೀ ಬಂಡೆ.

ಬೀದರಿನವರು ಹೂದಾನಿಯೋ ಎದುರುಬದುರು ಎರಡು ಮುಖವೋ ಎಂದು ಗೊಂದಲ ಹುಟ್ಟಿಸುವ ಚಿತ್ರವನ್ನು (ಮನೋವಿಜ್ಞಾನಿ ರೂಬಿನ್ 1915ರಲ್ಲಿ ಪ್ರಕಟಿಸಿದ್ದು) ಬಿದರಿ ಹೂದಾನಿಯ ಆಕಾರದಲ್ಲೇ ಕತ್ತರಿಸಬಹುದು. ಒಳಗೆ ಕುಸುರಿ ಮಾತ್ರ ಬರೆಯಬೇಡಿ. ಬರೆದರೆ ಹೂದಾನಿ ಗೆದ್ದು ಮುಖಗಳು ಮಾಯವಾಗುತ್ತವೆ. ಚಿತ್ರ ಚೆನ್ನಾಗಿ ಬರೆಯುವ ಮಕ್ಕಳಿದ್ದರೆ ಅಜಂತಾದ ಮೊದಲನೇ ಗುಹೆಯ ಒಂದೇ ತಲೆಯ ನಾಲ್ಕು ಜಿಂಕೆ, ತಮಿಳುನಾಡಿನ ದಾರಾಸುರಂ ಗುಡಿಯಲ್ಲಿರುವ ಆನೆ-ಎತ್ತಿನ ಜೋಡಿ ತಲೆ, ಇವನ್ನು ಕೊಡಿ. ಒಂದು ಮೈಯನ್ನು ಮುಚ್ಚಲು ರಟ್ಟಿನ ತುಂಡು ಪಕ್ಕದಲ್ಲಿರಲಿ: ಆನೆಯ ಮೈ ಮುಚ್ಚಿದರೆ ಎತ್ತು, ಎತ್ತಿನ ಮೈ ಮುಚ್ಚಿದರೆ ಆನೆ.

ಹಂತ 8: ಚೀಟಿ, ಮಕ್ಕಳು, ಎಚ್ಚರಿಕೆ

ಪ್ರತಿ ಚಿತ್ರಕ್ಕೆ ಮೂರೇ ಸಾಲಿನ ಚೀಟಿ: ಏನು ಕಾಣುತ್ತದೆ ಎಂಬ ಪ್ರಶ್ನೆ, ಪರೀಕ್ಷಿಸುವ ಬಗೆ, ಕಾರಣ. ಕಾರಣದ ಸಾಲನ್ನು ಮಡಚಿ ಮುಚ್ಚಿಡಿ. ಉತ್ತರ ಮೊದಲೇ ಓದಿದವರು ಚಿತ್ರ ನೋಡುವುದಿಲ್ಲ. ಪಕ್ಕದಲ್ಲಿ ನಿಲ್ಲುವ ಮಕ್ಕಳಿಗೂ ಇದನ್ನೇ ಕಲಿಸಿ: "ಈ ಗೆರೆಗಳು ನೇರವಾಗಿವೆ" ಎಂದು ಬಾಯಿಪಾಠ ಒಪ್ಪಿಸಬಾರದು, "ನಿಮಗ ಹ್ಯಾಂಗ ಕಾಣಸ್ತದರಿ?" ಎಂದು ಕೇಳಬೇಕು, ದಾರ ಕೈಗೆ ಕೊಡಬೇಕು, ಸುಮ್ಮನಿರಬೇಕು. ಮೂರನೆಯದೇ ಅವರಿಗೆ ಕಷ್ಟ.

ಮಿನುಗುವ ಡಿಸ್ಕೋ ಲೈಟು ಕೋಣೆಯೊಳಗೆ ಬೇಡವೇ ಬೇಡ. ಕೆಲವರಿಗೆ ಮಿನುಗು ಬೆಳಕಿನಿಂದ, ಅಪರೂಪಕ್ಕೆ ದಟ್ಟ ಕಪ್ಪು-ಬಿಳಿ ಪಟ್ಟೆಗಳಿಂದಲೂ ಫಿಟ್ಸ್ ಬರಬಹುದು. ಬಾಗಿಲಲ್ಲೇ ಒಂದು ಫಲಕ ಹಾಕಿ, ತಲೆ ಸುತ್ತಿದರೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಚಿತ್ರದಿಂದ ಮುಖ ತಿರುಗಿಸಿ ಹೊರಗೆ ಬರಲು ತಿಳಿಸಿ.

ಮುಗಿದ ಮೇಲೆ ಕೆಫೆ ಗೋಡೆಯ ಫಲಕವನ್ನು ಮಡಚಬೇಡಿ, ಬೀರುವಿನ ಹಿಂದೆ ನಿಲ್ಲಿಸಿ. ಪಟ್ಟಿಗೆ ಒಮ್ಮೆ ಮಡಿಕೆ ಬಿದ್ದರೆ ಮುಂದಿನ ವರ್ಷ ಗೆರೆ ನಿಜವಾಗಿಯೂ ಸೊಟ್ಟಗಿರುತ್ತದೆ, ದಾರ ಹಿಡಿದ ಮೊದಲನೇ ಹುಡುಗನೇ ನಿಮ್ಮನ್ನು ಹಿಡಿಯುತ್ತಾನೆ.